ಏಳನೆಯ ಪ್ರಶ್ನೆ

ಇಂಟರ್‌ನ್ಯಾಷನಲ್ ಸಿಟಿ, ದುಬೈ
9-11-2007, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಮೆಲಿಸ್ಸಾ,

ಹೇಗಿದ್ದೀ ಮಗಳೇ? ಅರೆತಲೆನೋವು ಕಡಿಮೆಯಾಗಿದೆಯೇ? ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಹೊರಗೆ ಓಡುವ ಅಭ್ಯಾಸವನ್ನು ಶಿರ್ವಕ್ಕೆ ಹೋದ ಮೇಲಾದರೂ ಬಿಟ್ಟೆಯೋ ಇಲ್ಲವೋ. ನಿನ್ನ ಪಪ್ಪ ಬೆನೆಡಿಕ್ಟರ ಮೊಣಕಾಲು ಹೇಗಿದೆ? ಬೊಂಬಾಯಿಯ ಹೋಟೆಲಿನಲ್ಲಿ ಮೂವತ್ತು ವರ್ಷ ನಿಂತೇ ದುಡಿದ ಕಾಲು, ಈಗ ಮುಷ್ಕರ ಹೂಡಿದರೆ ತಪ್ಪೇನಿಲ್ಲ. ನೀನು ಉಡುಪಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ರಿಸೆಪ್ಶನ್ ಕೆಲಸಕ್ಕೆ ಸೇರಿದ್ದೀ ಎಂದು ಊರಿಂದ ಬಂದವರೊಬ್ಬರು ಹೋದ ತಿಂಗಳು ಚರ್ಚಿನ ಗೇಟಿನಲ್ಲಿ ಹೇಳಿದರು. ಮೊದಲೇ ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ. ಸ್ವಂತ ಸೊಸೆಯ ಸುದ್ದಿಯನ್ನು ಗೇಟಿನಲ್ಲಿ ನಿಂತು ಪರರ ಬಾಯಿಂದ ಕೇಳುವ ಹಾಗಾಯಿತಲ್ಲ ಎಂದು ಬಸ್ಸಿನಲ್ಲಿ ಕೂತ ಮೇಲೆ ಬೇಸರವಾಯಿತು.

ನಾನು ಆರಾಮಾಗಿದ್ದೇನೆ. ಶುಗರ್ ಇದೆ, ಮಾತ್ರೆಯೂ ಇದೆ, ಇಬ್ಬರೂ ಹೊಂದಿಕೊಂಡು ಹೋಗುತ್ತಿದ್ದಾರೆ. ರಾಸ್ ಅಲ್ ಖೋರಿನ ಅದೇ ಗ್ಯಾರೇಜು, ಅದೇ ಸ್ಟೋರ್ ರೂಮು, ಅದೇ ಪೇಂಟಿನ ವಾಸನೆ. ಈ ಕಾಗದವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆಂದು ನಗಬೇಡ. ನಿನ್ನ ಜೊತೆ ಒಂದು ದಿನವೂ ಕೊಂಕಣಿ ಬಿಟ್ಟು ಬೇರೆ ಮಾತಾಡಿದವನಲ್ಲ, ಆದರೆ ಪೆನ್ನು ಹಿಡಿದರೆ ಕೈ ಕಿನ್ನಿಗೋಳಿಯ ಶಾಲೆಗೇ ಓಡುತ್ತದೆ. ಫೋನಿನಲ್ಲಿ ಹೇಳಬಹುದಿತ್ತು. ಎರಡು ಸಲ ನಂಬರು ಒತ್ತಿ, ಆ ಕಡೆ ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ. ಫೋನಿನಲ್ಲಿ ನೀನು ಸುಮ್ಮನಾದರೆ ನಾನು ಹವಾಮಾನದ ಬಗ್ಗೆ ಮಾತಾಡಲು ಶುರುಮಾಡುತ್ತೇನೆ ಎಂದು ನನಗೆ ಗೊತ್ತು.

ರೂಮು ಬದಲಾಗಿದೆ. ಗ್ಯಾರೇಜಿನವರು ಕೊಟ್ಟಿದ್ದ ಹಳೆಯ ವಸತಿಯನ್ನು ಬಿಟ್ಟು ಮೇ ತಿಂಗಳಲ್ಲಿ ಇಲ್ಲಿಗೆ ಬಂದೆವು. ಇಲ್ಲಿ ಒಂದೊಂದು ಗುಂಪು ಕಟ್ಟಡಕ್ಕೆ ಒಂದೊಂದು ದೇಶದ ಹೆಸರು. ನಮ್ಮದು ಮೊರಾಕ್ಕೊ. ಕಿನ್ನಿಗೋಳಿಯ ಜುವಾಕಿಂ ಮೊರಾಕ್ಕೊದಲ್ಲಿ ಇದ್ದಾನೆ, ಹಾಲು ತರಲು ಇಂಗ್ಲೆಂಡಿಗೆ ಹೋಗುತ್ತಾನೆ. ನಿನ್ನ ಅತ್ತೆ ಒಲಿಂಡಾ ಬದುಕಿದ್ದಿದ್ದರೆ ಈ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಜೊತೆಗೆ ಇರುವವನು ತಮ್ಮಣ್ಣ, ಗದಗದ ಕಡೆಯವನು, ಟ್ರೇಲರ್ ಓಡಿಸುತ್ತಾನೆ. ಒಳ್ಳೆಯವನು, ಜೋಳದ ರೊಟ್ಟಿ ತಟ್ಟುತ್ತಾನೆ, ಆದರೆ ವಾರದಲ್ಲಿ ಐದು ದಿನ ರಸ್ತೆಯ ಮೇಲೇ ಇರುತ್ತಾನೆ. ರಜೆಯ ದಿನ ಶುಕ್ರವಾರ ಬೆಳಿಗ್ಗೆ ನಾನು ಚರ್ಚಿನ ಪೂಜೆಗೆ ಹೋಗಿ ಹನ್ನೊಂದೂವರೆಗೆ ಹಿಂದಿರುಗಿದರೆ ಸಂಜೆಯವರೆಗೆ ಮಾತಿಲ್ಲ ಕತೆಯಿಲ್ಲ. ನೀನಿದ್ದಾಗ ಅಲ್ ಕುಸೈಸಿನ ನಿಮ್ಮ ಫ್ಲ್ಯಾಟಿನಲ್ಲಿ ಊಟ ಮಾಡಿ, ಸೋಫಾದ ಮೇಲೆ ಬಾಯಿ ತೆರೆದು ನಿದ್ದೆ ಮಾಡಿ, ನಾಲ್ಕು ಗಂಟೆಗೆ ಚಹಾ ಕುಡಿದು ಬರುತ್ತಿದ್ದೆ. ಈಗ ಹೋಟೆಲಿನಿಂದ ಫ್ಲಾಯ್ಡ್ ಬಿರಿಯಾನಿ ತರಿಸುತ್ತಾನೆ. ಅಪ್ಪ ಮಗ ಇಬ್ಬರೂ ಟಿವಿ ನೋಡುತ್ತಾ ತಿನ್ನುತ್ತೇವೆ. ಎರಡು ತಿಂಗಳಿಂದ ನಾನು ಹೋಗುವುದನ್ನೇ ಕಡಿಮೆ ಮಾಡಿದ್ದೇನೆ. ಏಳು ತಿಂಗಳಾಯಿತು ಮೆಲಿಸ್ಸಾ ನೀನು ಹೋಗಿ, ನನಗೆ ನಿನ್ನ ನೆನಪು ತುಂಬ ಆಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಮೂರು ವಾರದ ಹಿಂದೆ ಫ್ಲಾಯ್ಡ್ ಅವನಾಗಿಯೇ ನನ್ನ ರೂಮಿಗೆ ಬಂದ. ಅವನು ಬಂದದ್ದೇ ದೊಡ್ಡ ಸಂಗತಿ, ಕೈಯಲ್ಲಿ ಒಂದು ಲಕೋಟೆಯೂ ಇತ್ತು. ಊರಿನ ಧರ್ಮಪ್ರಾಂತದ ವಿವಾಹ ನ್ಯಾಯಮಂಡಳಿಯಿಂದ ನನ್ನ ಹೆಸರಿಗೆ, ಅವನ ಆಫೀಸಿನ ಪೋಸ್ಟ್ ಬಾಕ್ಸಿಗೆ ಬಂದದ್ದು. ನಿನಗೂ ಇಂಥದೊಂದು ಬಂದಿರಬಹುದು. ನಿಮ್ಮ ಮದುವೆ ಮೊದಲಿನಿಂದಲೇ ಊರ್ಜಿತವಾಗಿರಲಿಲ್ಲ ಎಂದು ತೀರ್ಪು ಕೊಡಬೇಕೆಂದು ಅವನು ಅರ್ಜಿ ಹಾಕಿದ್ದಾನೆ, ನನ್ನನ್ನು ಸಾಕ್ಷಿಯಾಗಿ ಹೆಸರಿಸಿದ್ದಾನೆ. ಒಳಗೆ ಹನ್ನೆರಡು ಪ್ರಶ್ನೆಗಳಿವೆ. ಈ ತಿಂಗಳ ಮೂವತ್ತರೊಳಗೆ ಉತ್ತರ ಬರೆದು, ದೇವರ ಮುಂದೆ ಸತ್ಯ ಎಂದು ಸಹಿ ಮಾಡಿ ಕಳಿಸಬೇಕು. ಹನ್ನೊಂದು ಪ್ರಶ್ನೆಗಳಿಗೆ ನಾನು ಉತ್ತರ ಬರೆದಾಗಿದೆ. ಏಳನೆಯದು ಮಾತ್ರ ಖಾಲಿ ಇದೆ. ಮದುವೆಗೆ ಹುಡುಗಿ ತನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿದ್ದಳೇ, ನಿಮಗೆ ತಿಳಿದಿರುವುದನ್ನು ಬರೆಯಿರಿ ಎನ್ನುತ್ತದೆ ಅದು. ಇಲ್ಲ, ಅವಳ ಅಪ್ಪನ ಒತ್ತಾಯಕ್ಕೆ ಒಪ್ಪಿದ್ದಳು ಎಂದು ನಾನು ಬರೆದರೆ ಫ್ಲಾಯ್ಡ್‌ನ ಕೆಲಸ ಸಲೀಸು. ಒಪ್ಪಿದ್ದಳು ಎಂದು ಬರೆದರೆ ಗಂಡಿನ ಅಪ್ಪನೇ ಎದುರು ಸಾಕ್ಷಿ ಹೇಳಿದ ಹಾಗೆ, ಅರ್ಜಿ ಅಲ್ಲೇ ಬೀಳಬಹುದು.

ಫ್ಲಾಯ್ಡ್ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಕೂಡಿಸುವುದಿಲ್ಲ ಕಳೆಯುವುದಿಲ್ಲ. "ಪಪ್ಪಾ, ಸುಳ್ಳು ಹೇಳಿ ಅಂತ ನಾನು ಹೇಳ್ತಾ ಇಲ್ಲ. ನೀವೇ ನೋಡಿದ್ದು ಅಲ್ವಾ? ಸಾಡೊ ಕೊಡ್ಲಿಕ್ಕೆ ಹೋದಾಗ ಅವಳು ಹಿಂದೆ ನಿಂತು ಅಳ್ತಾ ಇದ್ಳು ಅಂತ ಮಮ್ಮಿ ನನಗೆ ತಮಾಷೆ ಮಾಡಿದ್ರು. ಅಷ್ಟು ಬರೀರಿ, ಸಾಕು. ಅವಳಿಗೂ ಲೈಫ್ ಉಂಟು, ನನಗೂ ಉಂಟು. ಖಲಾಸ್ ಮಾಡುವಾ." ಮದುವೆಗೆ ಮೂರು ದಿನ ಮೊದಲು ನಾನೂ ಒಲಿಂಡಾನೂ ಕೆಂಪು ಸಾಡೊ ಸೀರೆ ಹಿಡಿದುಕೊಂಡು ನಿಮ್ಮ ಮನೆಗೆ ಬಂದದ್ದು ನಿನಗೆ ನೆನಪಿರಬೇಕು. ಕೈ ತೊಳೆಯಲು ಹಿತ್ತಲಿಗೆ ಬಂದಾಗ ಸೌದೆ ಕೊಟ್ಟಿಗೆಯ ಹಿಂದೆ ನೀನು ಅಳುತ್ತಾ ನಿಂತಿದ್ದನ್ನು ನಾನು ನೋಡಿದ್ದು ನಿಜ. ಬಸ್ಸಿನಲ್ಲಿ ಒಲಿಂಡಾಳಿಗೆ ಹೇಳಿದ್ದೂ ನಿಜ. ಅವಳು ಅದನ್ನು ಮಗನನ್ನು ಗೋಳು ಹೊಯ್ದುಕೊಳ್ಳಲು ಬಳಸಿದಳು. ನಗೆಗೆಂದು ಆಡಿದ ಮಾತು ಆರು ವರ್ಷದ ನಂತರ ಸಾಕ್ಷಿಯಾಗಿ ನನ್ನ ಮುಂದೆಯೇ ಬಂದು ನಿಂತಿತು. ನಾನು ಫ್ಲಾಯ್ಡ್‌ಗೆ ಗದರಿದೆ. ಮದುವೆಗೆ ಮೊದಲು ಎಲ್ಲ ಹುಡುಗಿಯರೂ ಅಳುತ್ತಾರೆ, ನಿನ್ನ ಮಮ್ಮಿ ಎರಡು ದಿನ ಅತ್ತಿದ್ದಳು, ಅದಕ್ಕೆ ಮದುವೆ ಆಗಲೇ ಇಲ್ಲ ಎಂದು ಬರೆಯಲೇ, ನೀನು ಎಲ್ಲಿಂದ ಬಂದೆ ಹಾಗಾದರೆ, ಎಂದು ಕೇಳಿದೆ. ಅವನು ಲಕೋಟೆಯನ್ನು ಟೇಬಲ್ಲಿನ ಮೇಲಿಟ್ಟು ಹೋದ. ಅವನ ಮುಖ ನೋಡಿ ನನಗೆ ಪಾಪ ಅನಿಸಿತು ಕೂಡ. ಕೆಟ್ಟವನಲ್ಲ ಮೆಲಿಸ್ಸಾ ಅವನು. ಒಳಗೆ ಏನಿದೆಯೆಂದು ಬಾಯಿ ಬಿಡದವನು. ಅದು ನನ್ನಿಂದಲೇ ಬಂದದ್ದು, ಒಲಿಂಡಾಳಿಂದಲ್ಲ.

ಈ ಕಾಗದ ಹಿಡಿದು ಯಾರ ಹತ್ತಿರ ಹೋಗುವುದು? ಪಾದ್ರಿಯವರ ಹತ್ತಿರ ಹೋದರೆ ಸತ್ಯ ಬರೆಯಿರಿ ಎನ್ನುತ್ತಾರೆ, ಅದನ್ನು ಕೇಳಲು ಪಾದ್ರಿಯವರೇ ಬೇಕಾಗಿಲ್ಲ. ಊರಿನವರಿಗೆ ಹೇಳಿದರೆ ಮುಂದಿನ ಶುಕ್ರವಾರ ಇಡೀ ಗೇಟಿಗೆ ಗೊತ್ತಾಗುತ್ತದೆ. ಕೊನೆಗೆ ನಾನು ಹೇಳಿಕೊಂಡದ್ದು ಕ್ವಾಬೆನಾನಿಗೆ. ನೀನು ಅವನನ್ನು ಒಮ್ಮೆ ನೋಡಿದ್ದೀ, ನಿಮ್ಮ ಕಾರಿನ ಬಂಪರ್ ಸರಿಮಾಡಿ ಕೊಟ್ಟವನು, ನಮ್ಮ ಗ್ಯಾರೇಜಿನ ಡೆಂಟರ್, ಎತ್ತರದ ಆಳು, ನನ್ನನ್ನು ಪಾಪಾ ಜೋ ಎಂದು ಕರೆಯುತ್ತಾನೆ. ಘಾನಾ ದೇಶದವನು, ಅಲ್ಲಿಯ ಅಕಾನ್ ಜನ. ನಮ್ಮ ಹಾಗೆಯೇ ಕಥೋಲಿಕ, ನಮ್ಮದೇ ಚರ್ಚಿಗೆ ಬರುತ್ತಾನೆ, ನಮ್ಮದೇ ಬಸ್ಸಿನಲ್ಲಿ. ಆದರೆ ಯಾವಾಗಲೂ ಕೊನೆಯ ಬೆಂಚು. ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಸಾಲು ಹಿಡಿದರೆ ಅವನು ಮೊಣಕಾಲೂರಿ ಅಲ್ಲೇ ಇರುತ್ತಾನೆ. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಮತ್ತು ನಾಲ್ಕು ವರ್ಷದಿಂದ ಮನಸ್ಸಿನಲ್ಲೇ ಅವನ ಬಗ್ಗೆ ಏನೇನೋ ಕಲ್ಪಿಸಿಕೊಂಡಿದ್ದೆ. ಕುಡಿತವಿರಬೇಕು, ಇಲ್ಲೇ ಎಲ್ಲೋ ಗುಟ್ಟಿನ ಸಂಸಾರವಿರಬೇಕು ಎಂದೆಲ್ಲ. ನಿನ್ನ ಮಾವನ ಬುದ್ಧಿ ಸ್ಟೋರ್ ಕೀಪರನದು. ಎಲ್ಲದಕ್ಕೂ ಒಂದು ಲೇಬಲ್ ಅಂಟಿಸದಿದ್ದರೆ ನಿದ್ದೆ ಬರುವುದಿಲ್ಲ.

ಊಟದ ಬಿಡುವಿನಲ್ಲಿ ಪೇಂಟ್ ಡಬ್ಬಗಳ ಮೇಲೆ ಕೂತು ಅವನ ಇಂಗ್ಲಿಷು, ನನ್ನ ಇಂಗ್ಲಿಷು, ಮಧ್ಯೆ ಇಬ್ಬರಿಗೂ ಅರ್ಧಂಬರ್ಧ ಬರುವ ಹಿಂದಿ, ಇಷ್ಟರಲ್ಲಿ ಅವನ ಕತೆ ತಿಳಿಯಿತು. ಅವರಲ್ಲಿ ಮದುವೆಯೆಂದರೆ ಮೊದಲು ಗಂಡಿನ ಮನೆಯವರು ಹೆಣ್ಣಿನ ಮನೆಗೆ ಬಾಟಲಿಗಳನ್ನು ಕೊಂಡುಹೋಗುವುದು. ತಲೆಯ ಮದ್ಯ ಎನ್ನುತ್ತಾರೆ ಅದಕ್ಕೆ. ಹೆಣ್ಣಿನ ಕಡೆಯವರು ಅದನ್ನು ಸ್ವೀಕರಿಸಿ, ಎರಡೂ ಮನೆಯ ಹಿರಿಯರು ಒಂದೊಂದು ಗುಟುಕು ಕುಡಿದರೆ ಮದುವೆ ಆಯಿತು. ನಮ್ಮಲ್ಲೂ ಬಾಟಲಿಯಿಲ್ಲದೆ ಯಾವ ಮದುವೆ ಆಗಿದೆ ಹೇಳು, ಎಂದು ನಾನು ನಕ್ಕೆ. ಅವನು ನಗಲಿಲ್ಲ. ಅವರಲ್ಲಿ ಕುಡಿದವನಿಗೆ ಜವಾಬ್ದಾರಿಯಿದೆಯಂತೆ. ಗಂಡಹೆಂಡತಿಯ ನಡುವೆ ಏನಾದರೂ ಬಂದರೆ ಆ ಮದ್ಯ ಕುಡಿದವರೆಲ್ಲ ಬಂದು ಕೂರಬೇಕು. ಎಲ್ಲರಿಗಿಂತ ಮುಖ್ಯ ಸೋದರಮಾವ. ನಮ್ಮ ಕಡೆ ಬಂಟರಲ್ಲಿ ಅಳಿಯಕಟ್ಟು ಇತ್ತಲ್ಲ, ಹಾಗೆಯೇ ಅವರಲ್ಲೂ ತಾಯಿಯ ಕಡೆಯಿಂದ ಮನೆತನ. ಕ್ವಾಬೆನಾನ ಮೊದಲ ಮದುವೆ ಹೀಗೆ ಮದ್ಯದಿಂದಲೂ ಆಯಿತು, ಮರುವಾರ ಚರ್ಚಿನಲ್ಲಿ ಉಂಗುರದಿಂದಲೂ ಆಯಿತು. ನಾಲ್ಕು ವರ್ಷವಾದರೂ ಇಬ್ಬರಿಗೂ ಹೊಂದಲಿಲ್ಲ. ಹಿರಿಯರು ಮೂರು ಸಲ ಕೂತರು, ಇಬ್ಬರನ್ನೂ ಬೈದರು, ಇಬ್ಬರ ಮಾತನ್ನೂ ಕೇಳಿದರು, ಮತ್ತೆ ಕೂಡಿಬಾಳಿ ಎಂದು ಕಳಿಸಿದರು. ನಾಲ್ಕನೆಯ ಸಲ, ಇನ್ನು ಸಾಧ್ಯವಿಲ್ಲ ಎಂದು ಎಲ್ಲರಿಗೂ ಕಂಡ ಮೇಲೆ, ಹೆಣ್ಣಿನ ಕಡೆಯವರು ಮದ್ಯವನ್ನು ಹಿಂದಿರುಗಿಸಿದರು. ಅವಳ ಹೆಗಲಿನ ಮೇಲೆ ಬಿಳಿ ಮಣ್ಣಿನ ಪುಡಿ ಹಾಕಿ, ಹೋಗು, ನೀನು ಸ್ವತಂತ್ರಳು ಎಂದರಂತೆ. ಅವಳಿಗೆ ಈಗ ಬೇರೆ ಮದುವೆಯಾಗಿ ಮೂರು ಮಕ್ಕಳಿದ್ದಾರೆ. ಇವನೂ ಮತ್ತೆ ಮದುವೆಯಾದ, ಮದ್ಯದಿಂದ ಮಾತ್ರ. ಯಾಕೆಂದರೆ ಚರ್ಚಿನ ಲೆಕ್ಕದಲ್ಲಿ ಅವನ ಹೆಂಡತಿ ಇವತ್ತಿಗೂ ಮೊದಲನೆಯವಳೇ, ಎರಡನೆಯವಳ ಜೊತೆ ಬಾಳುವವರೆಗೆ ಅವನಿಗೆ ಪರಮಪ್ರಸಾದವಿಲ್ಲ. "ಪಾದ್ರಿ ಹೇಳೋದು ಸರಿ, ಪಾಪಾ ಜೋ. ಯೇಸು ಹೇಳಿದ್ದನ್ನು ಅವರು ಹೇಗೆ ಬದಲಾಯಿಸ್ತಾರೆ? ನನ್ನ ಸೋದರಮಾವ ಹೇಳೋದೂ ಸರಿ. ಇಬ್ಬರೂ ಸರಿ ಆದರೆ ನನಗೆ ಉಳಿಯೋದು ಕೊನೆಯ ಬೆಂಚು," ಎಂದ. ಎದೆ ಬಡಿದುಕೊಂಡು ಹೇಳಿದ್ದಲ್ಲ, ಬಸ್ಸಿನ ನಂಬರು ಹೇಳುವ ಹಾಗೆ ಹೇಳಿದ. ನನಗೆ ತಲೆ ಎತ್ತಲಾಗಲಿಲ್ಲ.

ನನ್ನ ಲಕೋಟೆಯ ವಿಷಯ ಹೇಳಿದಾಗ ಅವನಿಗೆ ಅರ್ಥವೇ ಆಗಲಿಲ್ಲ. ಇದು ಡೈವೋರ್ಸ್ ಅಲ್ಲ ಮಾರಾಯಾ, ಮದುವೆ ಆಗಿಯೇ ಇರಲಿಲ್ಲ ಎಂದು ಹೇಳುವುದು ಎಂದು ವಿವರಿಸಿದೆ. ಅವನು, "ನಮ್ಮ ಹಿರಿಯರು ಮದ್ಯ ಹಿಂದೆ ಕೊಡ್ತಾರೆ. ಆದರೆ ಕುಡಿದೇ ಇರಲಿಲ್ಲ ಅಂತ ಒಬ್ಬರೂ ಹೇಳೋದಿಲ್ಲ. ಆರು ವರ್ಷ ಅವಳು ನಿನಗೆ ಅನ್ನ ಬಡಿಸಿದಳಲ್ಲ, ಆಗ ಅವಳು ಯಾರು?" ಎಂದು ಕೇಳಿದ. ನನಗೂ ಒಳಗೊಳಗೇ ಅನಿಸುತ್ತಿದ್ದದ್ದು ಅದೇ. ಸ್ಟೋರಿಗೆ ಬಂದು, ಸಹಿಯಾಗಿ, ಬಳಕೆಯಾದ ಸಾಮಾನನ್ನು ಬಂದೇ ಇಲ್ಲ ಎಂದು ನಾನು ಬರೆದರೆ ಅವತ್ತೇ ಕೆಲಸ ಹೋಗುತ್ತದೆ. ನಿನ್ನನ್ನು ಸಾಮಾನಿಗೆ ಹೋಲಿಸಿದೆ, ಕ್ಷಮಿಸು, ಮೂವತ್ತು ವರ್ಷದ ಚಾಳಿ. ಹೇಳಬೇಕೆಂದದ್ದು ಇಷ್ಟೆ. ನೀನು ನನ್ನ ಸೊಸೆಯಾಗಿದ್ದೆ. ಒಲಿಂಡಾ ಆಸ್ಪತ್ರೆಯಲ್ಲಿದ್ದಾಗ ರಜೆ ಹಾಕಿ ಊರಿಗೆ ಹೋಗಿ ಇಪ್ಪತ್ತೆರಡು ದಿನ ಅವಳ ತಲೆ ಬಾಚಿದವಳು ನೀನು. ಅದು ಆಗಿರಲಿಲ್ಲ ಎಂದು ಯಾವ ಮಂಡಳಿ ತೀರ್ಪು ಕೊಟ್ಟರೂ ನಾನು ನಂಬುವುದಿಲ್ಲ.

ಆಮೇಲೆ ಅವನು ಇನ್ನೊಂದು ಪ್ರಶ್ನೆ ಹಾಕಿದ. ಅವರಿಬ್ಬರ ನಡುವೆ ಸರಿಯಿಲ್ಲ ಎಂದು ನಿನಗೆ ಯಾವಾಗ ಗೊತ್ತಾಯಿತು ಎಂದು. ಗೊತ್ತೇ ಇರಲಿಲ್ಲ ಎನ್ನಲು ಬಾಯಿ ತೆರೆದೆ, ಆಗಲಿಲ್ಲ. ದಿಂಬಿನ ವಿಷಯ ಹೇಳಿದೆ. ಮೆಲಿಸ್ಸಾ, ಆ ದಿಂಬನ್ನು ನಾನು ನೋಡಿದ್ದೆ. ಸೋಫಾದ ಹಿಂದೆ, ಮಡಚಿದ ಹೊದಿಕೆಯ ಜೊತೆ, ನೀಲಿ ಹೂವಿನ ಕವರಿನದು. ಮೊದಲ ಶುಕ್ರವಾರ ಯಾರೋ ನೆಂಟರು ಬಂದಿರಬೇಕು ಎಂದುಕೊಂಡೆ. ಎರಡನೆಯ ಶುಕ್ರವಾರವೂ ಇತ್ತು. ಕ್ರಿಸ್ಮಸ್ ಕಳೆಯಿತು, ಈಸ್ಟರ್ ಕಳೆಯಿತು, ದಿಂಬು ಅಲ್ಲೇ ಇತ್ತು. ಊಟದ ನಂತರ ಅದೇ ಸೋಫಾದ ಮೇಲೆ ಮಲಗುವಾಗ ಒಂದೆರಡು ಸಲ ಅದನ್ನೇ ತಲೆಗೆ ಇಟ್ಟುಕೊಂಡಿದ್ದೇನೆ ಕೂಡ. ನೀನು ನೋಡಿಯೂ ಏನೂ ಹೇಳಲಿಲ್ಲ. ನಾನು ಕೇಳಬೇಕಿತ್ತು. ಗಂಡಹೆಂಡತಿ ನಡುವೆ ಮುದುಕ ಯಾಕೆ ಬಾಯಿ ಹಾಕಬೇಕು, ದೇವರು ಸೇರಿಸಿದ್ದು ಹಾಗೆಲ್ಲ ಬಿಡುವುದಿಲ್ಲ, ತಾನಾಗಿಯೇ ಸರಿಹೋಗುತ್ತದೆ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಇದನ್ನೆಲ್ಲ ಕೇಳಿ ಕ್ವಾಬೆನಾ ಒಂದೇ ಮಾತು ಹೇಳಿದ. "ದಿಂಬು ನೋಡಿದೆ, ಅನ್ನ ತಿಂದೆ." ಎದ್ದು ಹೋಗಿ ಸುತ್ತಿಗೆ ಹಿಡಿದ. ಅವತ್ತು ಸಂಜೆಯವರೆಗೆ ನಾನು ಅವನ ಕಡೆ ತಿರುಗಲಿಲ್ಲ. ಕೋಪ ಬಂದಿತ್ತು. ಯಾರ ಮೇಲೆ ಎಂದು ಕೇಳಬೇಡ.

ಮರುದಿನ ಅವನೇ ಚಹಾ ತಂದು ಕೊಟ್ಟ. ನಿಮ್ಮ ಚರ್ಚು, ನಮ್ಮ ಚರ್ಚು, ಎಲ್ಲ ಒಂದೇ, ಮದುವೆ ಮುರಿಯಲ್ಲ ಅಂತ ಹೇಳುತ್ತೆ, ಮುರಿಯಲ್ಲ ಅಂದ ಮೇಲೆ ಕಾಯೋರು ಯಾಕೆ ಅಂತ ಜನ ಮನೆಗೆ ಹೋಗಿ ಮಲಗ್ತಾರೆ, ನಮ್ಮ ಅಜ್ಜಂದಿರಿಗೆ ಅದು ಮುರಿಯುತ್ತೆ ಅಂತ ಗೊತ್ತಿತ್ತು, ಅದಕ್ಕೇ ಸಣ್ಣ ಸದ್ದಾದರೂ ಓಡಿಬರ್ತಿದ್ರು ಎಂದ. ಅವನು ಹೇಳಿದ್ದೆಲ್ಲ ಸರಿಯೆಂದು ನಾನು ಒಪ್ಪುವುದಿಲ್ಲ. ಓಡಿಬಂದ ಹಿರಿಯರೆಲ್ಲ ಒಳ್ಳೆಯದನ್ನೇ ಮಾಡುತ್ತಾರೆ ಎಂದೇನಿಲ್ಲ, ಅದು ಅವನಿಗೂ ಗೊತ್ತು. ಆದರೆ ನಿಮ್ಮ ಮದುವೆಯ ದಿನ ನೆನಪಾಯಿತು. ಊಟ ಮುಗಿದು, ಹಾಲ್‌ನಿಂದ ಅರ್ಧ ಜನ ಹೋದ ಮೇಲೆ, ಹೆಣ್ಣು ಒಪ್ಪಿಸುವ ಶಾಸ್ತ್ರಕ್ಕೆ ನಿನ್ನ ಪಪ್ಪ ನಿನ್ನ ಕೈ ಹಿಡಿದು ಮುಂದೆ ಬಂದರು. ಇಷ್ಟು ದಿನ ನಮ್ಮ ಮಗಳಾಗಿದ್ದಳು, ಇನ್ನು ನಿಮ್ಮವಳು, ಅವಳಲ್ಲಿ ಏನಾದರೂ ಕೊರತೆ ಕಂಡರೆ ತಿದ್ದಿ, ನಿಮ್ಮ ಮಗಳ ಹಾಗೆ ನೋಡಿಕೊಳ್ಳಿ ಎಂದರು. ಅದಕ್ಕೆ ಉತ್ತರ ಕೊಟ್ಟವನು ಫ್ಲಾಯ್ಡ್ ಅಲ್ಲ, ಪಾದ್ರಿಯೂ ಅಲ್ಲ. ನಾನು. ಇವಳಿಗೆ ಏನೇ ಆದರೂ ಮೊದಲು ನಾನಿದ್ದೇನೆ ಎಂದು ಮೈಕಿನಲ್ಲಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಏಪ್ರಿಲಿನಲ್ಲಿ ನೀನು ಎರಡು ಸೂಟ್‌ಕೇಸ್ ಹಿಡಿದು ಒಬ್ಬಳೇ ಟ್ಯಾಕ್ಸಿಯಲ್ಲಿ ಏರ್‌ಪೋರ್ಟಿಗೆ ಹೋದೆ. ನಾನು ಅರ್ಧ ಗಂಟೆಯ ದೂರದಲ್ಲಿ ಬ್ರೇಕ್ ಪ್ಯಾಡ್ ಎಣಿಸುತ್ತಿದ್ದೆ. ಫ್ಲಾಯ್ಡ್ ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದ, ಅವಳು ಊರಿಗೆ ಹೋಗುತ್ತಾಳೆ ಎಂದು. ರಜೆಯಾ ಎಂದು ಕೇಳಿದೆ. ಹಾಗೇ ಅಂತ ಇಟ್ಟುಕೊಳ್ಳಿ ಎಂದ. ಹಾಗೇ ಅಂತ ಇಟ್ಟುಕೊಂಡೆ.

ಆದ್ದರಿಂದ ಒಂದು ತೀರ್ಮಾನ ಮಾಡಿದ್ದೇನೆ. ನಿನ್ನ ಪಪ್ಪ ಒತ್ತಾಯ ಮಾಡಿದರು ಎಂದು ನಾನು ಬರೆಯುವುದಿಲ್ಲ. ಇದನ್ನು ಹೋದ ಶುಕ್ರವಾರ ಅಲ್ ಕುಸೈಸಿಗೆ ಹೋಗಿ ಫ್ಲಾಯ್ಡ್‌ಗೆ ಮುಖದ ಮೇಲೆ ಹೇಳಿದೆ. ಮಂಡಳಿಯವರ ಹತ್ತಿರ ಸಮಯ ಕೇಳುತ್ತೇನೆ, ಡಿಸೆಂಬರ್ ಹದಿನೈದಕ್ಕೆ ರಜೆ ಹಾಕುತ್ತೇನೆ, ಫ್ಲಾಯ್ಡ್, ನೀನೂ ನನ್ನ ಜೊತೆ ಬಾ, ಶಿರ್ವದಲ್ಲಿ ಬೆನೆಡಿಕ್ಟರ ಮನೆಯಲ್ಲಿ ನಾವು ನಾಲ್ಕು ಜನ ಕೂರೋಣ, ಯಾರದು ತಪ್ಪು ಎಂದು ಬೇಡ, ಏನಾಯಿತು ಎಂದು ಮಾತ್ರ ಮಾತಾಡೋಣ ಎಂದೆ. ಅವನು ತಲೆ ತಗ್ಗಿಸಿಕೊಂಡು, "ಟೂ ಲೇಟ್ ಪಪ್ಪಾ," ಎಂದ. ಬರುವುದಿಲ್ಲ ಎನ್ನಲಿಲ್ಲ, ಅದನ್ನು ಗಮನಿಸು. ನಾನು ಏಳುವಾಗ ಡಬ್ಬಿಗೆ ಬಿರಿಯಾನಿ ಹಾಕಿಕೊಟ್ಟ. ಬಾಗಿಲಿನವರೆಗೆ ಬಂದು, ನಿನ್ನ ಅರೆತಲೆನೋವಿನ ಮಾತ್ರೆ ಊರಿನಲ್ಲಿ ಸಿಗುತ್ತದೋ ಇಲ್ಲವೋ ಎಂದ. ಇದಕ್ಕೆ ಏನರ್ಥ ಎಂದು ನನಗೆ ಗೊತ್ತಿಲ್ಲ, ಬರೆದಿದ್ದೇನೆ ಅಷ್ಟೆ. ಬೆನೆಡಿಕ್ಟರಿಗೆ ನಾನೇ ಫೋನ್ ಮಾಡುತ್ತೇನೆ. ಅವರು ಬೈದರೆ ಬೈಸಿಕೊಳ್ಳುತ್ತೇನೆ. ಆರು ವರ್ಷ ತಡವಾಗಿಯಾದರೂ ಮೈಕಿನಲ್ಲಿ ಕೊಟ್ಟ ಮಾತಿಗೆ ಒಮ್ಮೆ ಬಂದು ಕೂರುತ್ತೇನೆ.

ತಮ್ಮಣ್ಣ ಇವತ್ತು ಸಂಜೆಯ ವಿಮಾನಕ್ಕೆ ಊರಿಗೆ ಹೊರಟಿದ್ದಾನೆ. ಇದನ್ನು ಹುಬ್ಬಳ್ಳಿಯಲ್ಲಿ ಪೋಸ್ಟ್ ಮಾಡುತ್ತಾನೆ, ಇಲ್ಲಿಂದ ಹಾಕುವುದಕ್ಕಿಂತ ಬೇಗ ಸಿಗುತ್ತದೆ. ಜೊತೆಗೆ ಆ ಮಾತ್ರೆಯ ಎರಡು ಪಟ್ಟಿ ಇಟ್ಟಿದ್ದೇನೆ, ಫ್ಲಾಯ್ಡ್ ಕೊಟ್ಟದ್ದಲ್ಲ, ನಾನು ತಂದದ್ದು. ಬೆನೆಡಿಕ್ಟರಿಗೂ ನಿನ್ನ ಮಮ್ಮಿಗೂ ನನ್ನ ನಮಸ್ಕಾರ. ಒದ್ದೆ ಕೂದಲಲ್ಲಿ ಹೊರಗೆ ಹೋಗಬೇಡ. ಒಲಿಂಡಾ ಮಲಗಿದ್ದಲ್ಲಿಂದಲೇ ನಿನ್ನ ತಲೆ ಸವರಿ ಕೊಟ್ಟ ಬೆಸಾಂವ್ ನಿನ್ನ ಮೇಲಿದೆ, ಅದರ ಜೊತೆ ನನ್ನ ಆಶೀರ್ವಾದವೂ ಇರಲಿ. ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.

ನಿನ್ನ ಮಾಂವ್,
ಜುವಾಕಿಂ

ತಾ.ಕ.: ಕವರು ಅಂಟಿಸಿ ಮತ್ತೆ ಹರಿದೆ. ಟ್ಯಾಕ್ಸಿ ಕೆಳಗೆ ನಿಂತಿದೆ, "ಲಗೂ ಮುಗಸ್ರಿ ಅಣ್ಣಾರ, ಅಂವಾ ಹಾರ್ನ್ ಹೊಡಿಯಾಕ ಹತ್ಯಾನ" ಎಂದು ತಮ್ಮಣ್ಣ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿದ್ದಾನೆ. ಬೆಳಿಗ್ಗೆ ಪೂಜೆಯ ನಂತರ ಬಸ್ ಸ್ಟಾಪಿನಲ್ಲಿ ಕ್ವಾಬೆನಾನಿಗೆ ನನ್ನ ಡಿಸೆಂಬರಿನ ಯೋಜನೆ ಹೇಳಿದೆ. ಮೆಚ್ಚುತ್ತಾನೆ ಎಂದುಕೊಂಡಿದ್ದೆ. "ಹುಡುಗಿಯನ್ನು ಕೇಳಿದೆಯಾ?" ಎಂದ. ಈ ಮಾತನ್ನು ಮೇಲೆ ಬೇಕೆಂದೇ ಬರೆಯದೆ ಬಿಟ್ಟೆ. ಅವರಲ್ಲಿ ಬಾಟಲಿ ತಂದಿಟ್ಟ ಮೇಲೆ, ಮುಚ್ಚಳ ತೆಗೆಯುವ ಮೊದಲು, ಹುಡುಗಿಯನ್ನು ಕರೆದು ಅವಳ ಮನೆಯಲ್ಲೇ ಮೂರು ಸಲ ಕೇಳುತ್ತಾರಂತೆ, ತೆಗೆದುಕೊಳ್ಳೋಣವೇ ಎಂದು. ಅವನ ಸ್ವಂತ ತಂಗಿ ಎರಡು ಸಲ ಹೂಂ ಎಂದು ಮೂರನೆಯ ಸಲ ಬೇಡ ಎಂದಳಂತೆ. ಬಾಟಲಿ ಹಾಗೆಯೇ ವಾಪಸು ಹೋಯಿತು, ಬಂದವರು ಊಟ ಮಾಡಿ ಹೋದರು. ನಿನ್ನನ್ನು ಪಾದ್ರಿ ಒಂದು ಸಲ ಕೇಳಿದರು, ಎಂಟುನೂರು ಜನರ ಮುಂದೆ, ಹೊರಗೆ ಬ್ಯಾಂಡಿನವರು ಕಾಯುತ್ತಿದ್ದಾಗ. ಅದಕ್ಕೆ ಮೊದಲು ಕೇಳಬಹುದಾಗಿದ್ದವನು ನಾನೊಬ್ಬನೇ. ಎಲ್ಲ ಹುಡುಗಿಯರೂ ಅಳುತ್ತಾರೆ ಎಂದು ಫ್ಲಾಯ್ಡ್‌ಗೆ ಹೇಳಿದ್ದು ಸುಳ್ಳು. ಒಲಿಂಡಾ ಅತ್ತದ್ದು ಅವಳಮ್ಮನ ಕೊರಳು ತಬ್ಬಿಕೊಂಡು, ಊರಿಗೆಲ್ಲ ಕೇಳುವ ಹಾಗೆ. ನೀನು ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಿದ್ದೆ, ಸದ್ದು ಹೊರಗೆ ಬಾರದ ಹಾಗೆ. ನನ್ನನ್ನು ನೋಡಿ ಅದನ್ನು ತೆಗೆದು, ಕೈ ಒರೆಸಲು ಟವೆಲ್ ಕೊಟ್ಟೆ. ನಾನು ಒರೆಸಿಕೊಂಡು ಒಳಗೆ ಬಂದೆ.

ಮೆಲಿಸ್ಸಾ, ನಿನಗೆ ಈ ಮದುವೆ ಬೇಕಿತ್ತೇ? ಈ ತಿಂಗಳು ಮುಗಿಯುವುದರೊಳಗೆ ಫೋನ್ ಮಾಡಿ ಒಂದು ಮಾತು ಹೇಳು. ಬೇಡವಾಗಿತ್ತು ಎಂದರೆ ಹಾಗೆಯೇ ಬರೆಯುತ್ತೇನೆ, ನಿನ್ನ ಪಪ್ಪನ ಮೇಲೆ ಹಾಕುವುದಿಲ್ಲ, ನೋಡಿಯೂ ಕೇಳದೆ ಹೋದವನು ಈ ಜುವಾಕಿಂ ಎಂದು ಬರೆದು ಸಹಿ ಮಾಡುತ್ತೇನೆ. ನಿನಗೆ ಕೊನೆಯ ಬೆಂಚು ಬೇಡ. ಬೇಕಿತ್ತು ಎಂದರೆ ಅದನ್ನೂ ಬರೆಯುತ್ತೇನೆ. ಡಿಸೆಂಬರಿನಲ್ಲಿ ಬರಬೇಡಿ ಎಂದರೆ ಬರುವುದಿಲ್ಲ, ಬೆನೆಡಿಕ್ಟರಿಗೆ ಇನ್ನೂ ಫೋನ್ ಮಾಡಿ ಆಗಿಲ್ಲ. ಶುಕ್ರವಾರ ಒಬ್ಬನೇ ಕೂತು ಉಣ್ಣುವ ಮುದುಕನೊಬ್ಬನಿಗೆ ಯಾವ ಉತ್ತರ ಬೇಕಾಗಿದೆ ಎಂದು ನಿನಗೆ ಗೊತ್ತು. ಅವನ ಮುಖ ನೋಡಿ ಉತ್ತರ ಕೊಡಬೇಡ.